ದೂರವನ್ನು ಹತ್ತಿರ ತರುವ ಮಸೂರ: ಕೊಳ್ಳುವ ಮುನ್ನ

2019ರ ನವೆಂಬರಿನಲ್ಲಿ ಮಿಹಾನ್ ಪ್ರದೇಶದಲ್ಲಿಯೇ ಹುಲಿಯೊಂದು ಕಾಣಿಸಿಕೊಂಡದ್ದು ಇಲ್ಲಿನ ಬಾಂಧವರಲ್ಲಿ ಅನೇಕರಿಗೆ ನೆನಪಿರಬಹುದು. ಪೇಂಚ್, ತಾಡೋಬಾ, ಉಮ್ರೇಡ್-ಕರ್ಹಾಂಡ್ಲಾ ಅರಣ್ಯಗಳು ಒಂದು ರಜೆಯ ದಿನಕ್ಕೆ ನಿಲುಕುವ ನಾಗಪುರದಲ್ಲಿ, ಕ್ಯಾಮೆರಾ ಉಳ್ಳವರಿಗೆ ಉದ್ದನೆಯ ಮಸೂರದ ಹಂಬಲ ಹುಟ್ಟುವುದು ಸಹಜ. ಆ ಹಂಬಲಕ್ಕೆ ಎಷ್ಟು ಹಣ ಸಲ್ಲಬೇಕೆಂಬುದು ವಿಚಾರಾರ್ಹ.

ಜೂಮ್ ಎಂದರೆ ನಾಭಿದೂರವನ್ನು ಬದಲಿಸಬಲ್ಲ ಮಸೂರ. ಟೆಲಿಫೋಟೊ ಎಂದರೆ ದೂರದ ವಸ್ತುವನ್ನು ದೊಡ್ಡದಾಗಿ ತೋರುವ ಮಸೂರ. ಕ್ಯಾಮೆರಾದೊಡನೆ ಬರುವ 18-55 ಮಿಲಿಮೀಟರಿನದು ಜೂಮ್ ನಿಜ, ಟೆಲಿಫೋಟೊ ಅಲ್ಲ. 55ರಿಂದ 250ಕ್ಕೆ ಏರಿದರೆ ಹಕ್ಕಿ ನಾಲ್ಕೂವರೆ ಪಟ್ಟು ದೊಡ್ಡದಾಗುತ್ತದೆ. ಆದರೆ 250ರಿಂದ 300ಕ್ಕೆ ಏರಿದರೆ ದೊರೆಯುವ ಲಾಭ ಐದರಲ್ಲಿ ಒಂದು ಪಾಲು ಮಾತ್ರ. ಅಷ್ಟಕ್ಕಾಗಿ ಹೆಚ್ಚಿನ ಹಣ ತೆರುವುದು ನನಗೆ ಒಪ್ಪಿಗೆಯಿಲ್ಲ.

ಹಣ ತೆರಬೇಕಾದದ್ದು ಕಂಪನ ನಿವಾರಣೆಗೆ. ಕ್ಯಾನನ್ ಇದನ್ನು ಐಎಸ್ ಎಂದೂ ನಿಕಾನ್ ವಿಆರ್ ಎಂದೂ ಗುರುತಿಸುತ್ತವೆ. ನಾಭಿದೂರ ಹೆಚ್ಚಿದಷ್ಟೂ ಕೈಯ ನಡುಕವೂ ಚಿತ್ರದಲ್ಲಿ ಹಿಗ್ಗುತ್ತದೆ. ಈ ಸೌಲಭ್ಯವಿಲ್ಲದ ಅಗ್ಗದ 70-300 ಮಸೂರಗಳು ಇಳಿಹೊತ್ತಿನಲ್ಲಿ ನಿರಾಶೆಗೊಳಿಸುತ್ತವೆ. ಆದರೆ ಅದು ತಡೆಯುವುದು ನಮ್ಮ ಕೈಯ ನಡುಕವನ್ನೇ ಹೊರತು ಓಡುವ ಜಿಂಕೆಯ ಚಲನೆಯನ್ನಲ್ಲ. ಅದಕ್ಕೆ ಷಟರಿನ ವೇಗ ಬೇಕು, ವೇಗಕ್ಕೆ ಬೆಳಕು ಬೇಕು. ಎಫ್/5.6ಕ್ಕಿಂತ ಎಫ್/2.8 ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. ಬೆಲೆಯೂ ಹಾಗೆಯೇ ಏರುತ್ತದೆ. ಸಫಾರಿ ಜೀಪಿನ ಎಂಜಿನ್ ನಿಲ್ಲಿಸಲು ಚಾಲಕನನ್ನು ಕೋರುವುದಕ್ಕೂ, ಹುರುಳಿ ತುಂಬಿದ ಬಟ್ಟೆಯ ಚೀಲದ ಮೇಲೆ ಮಸೂರವನ್ನು ಊರುವುದಕ್ಕೂ ಖರ್ಚು ಕಡಮೆ.

ಹೊಂದಾಣಿಕೆಯನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬೇಕು. ನಿಕಾನಿನ ಎಎಫ್-ಪಿ ಮಸೂರಗಳು ಡಿ3100, ಡಿ3200ರಂತಹ ಹಳೆಯ ಕ್ಯಾಮೆರಾಗಳಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ. ಬಳಸಿದ ಮಾಲು ಕೊಳ್ಳುವವರು ಟಾರ್ಚಿನ ಬೆಳಕನ್ನು ಮಸೂರದೊಳಗೆ ಹಾಯಿಸಿ ನೋಡಲಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬೇಡ.

ಇನ್ನು ನನ್ನ ವೃತ್ತಿಗೆ ಸೇರಿದ ಮಾತು. "ಬಡ್ಡಿಯಿಲ್ಲದ ಕಂತು" ಎಂಬ ಫಲಕ ಅನೇಕರನ್ನು ಸೆಳೆಯುತ್ತದೆ. ಇಂತಹ ಶೂನ್ಯಬಡ್ಡಿ ಯೋಜನೆಗಳಲ್ಲಿ ಬಡ್ಡಿಯು ಬೇರೆ ಹೆಸರಿನಲ್ಲಿ ಅಡಗಿರುತ್ತದೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳನ್ನು ತಡೆಯಿತು. ನಗದು ಕೊಟ್ಟರೆ ಎಷ್ಟು ರಿಯಾಯಿತಿ ಎಂದು ಮೊದಲು ಕೇಳಿರಿ. ಕಂತನ್ನು ಆರಿಸಿಕೊಂಡು ಆ ರಿಯಾಯಿತಿಯನ್ನು ಬಿಟ್ಟುಕೊಟ್ಟರೆ, ಅದೇ ನೀವು ತೆರುವ ಬಡ್ಡಿ. ಸಂಸ್ಕರಣ ಶುಲ್ಕವನ್ನೂ ಅದಕ್ಕೆ ಕೂಡಿಸಿಕೊಳ್ಳಿರಿ. ಮಕ್ಕಳ ಶಾಲಾ ಶುಲ್ಕದ ತಿಂಗಳಿನಲ್ಲಿ ಇಂತಹ ಕಂತು ಒಂದು ತಪ್ಪಿದರೂ ದಂಡ ಬೀಳುತ್ತದೆ.

ಭಾರವನ್ನೂ ಮರೆಯಲಾಗದು. ಕ್ಯಾನನ್ ಎಸ್‌ಟಿಎಂ 55-250 ಮಸೂರ 375 ಗ್ರಾಂ ಮಾತ್ರ ತೂಗುತ್ತದೆ. 150-600ರ ವರ್ಗದವು ಸುಮಾರು ಎರಡು ಕಿಲೋ. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ನಮ್ಮಂಥವರ ಕುತ್ತಿಗೆ, ಹೆಗಲುಗಳು ಅದನ್ನು ಎಷ್ಟು ಹೊತ್ತು ತಾಳಿಯಾವು? ಮೇ ತಿಂಗಳಿನಲ್ಲಂತೂ ನಾಗಪುರದ ಕಾದ ನೆಲದಿಂದೇಳುವ ಬಿಸಿಗಾಳಿ ದೂರದ ದೃಶ್ಯವನ್ನು ಕದಡುತ್ತದೆ; ಆಗ ಲಕ್ಷ ರೂಪಾಯಿಯ ಮಸೂರವೂ ಸ್ಫುಟವಾದ ಚಿತ್ರ ಕೊಡಲಾರದು. ಬೆಳಗಿನ ತಂಪು ಹೊತ್ತಿನಲ್ಲಿ ಅಂಬಾಝರಿ ಕೆರೆಯ ದಂಡೆಗೆ ಹೋದರೆ 250 ಮಿಲಿಮೀಟರು ಬೇಕಾದಷ್ಟಾಯಿತು.