ಊರಿನ ಮನೆಯ ಕಂಪ್ಯೂಟರಿಗೆ ಲಾಗಿನ್ ಆಗುತ್ತಿಲ್ಲವೇ? ತಪ್ಪು ರೌಟರಿನದ್ದೇ ಇರಬೇಕಿಲ್ಲ

ಚಿತ್ರದುರ್ಗದಲ್ಲಷ್ಟೇ ಅಲ್ಲ, ಹೊಸದುರ್ಗ, ಹೊಳಲ್ಕೆರೆಯ ಮನೆಗಳಲ್ಲೂ ಈಗ ಫೈಬರ್ ಇಂಟರ್ನೆಟ್ ಇದೆ. ಬೆಂಗಳೂರಿನಲ್ಲಿರುವ ಮಗಳು ಊರಿನ ಮನೆಯ ಕಂಪ್ಯೂಟರಿಗೆ ಅಲ್ಲಿಂದಲೇ ಲಾಗಿನ್ ಆಗಲು ನೋಡುತ್ತಾಳೆ, ಆಗುವುದಿಲ್ಲ. ಕೂಡಲೇ ಸಿಗುವ ಸಲಹೆ: ರೌಟರ್ ಬದಲಿಸಿ.

ಬಹಳಷ್ಟು ಸಲ ಇದು ದಂಡದ ಖರ್ಚು. ಇಂಟರ್ನೆಟ್ಟಿನಲ್ಲಿ ಮನೆಯನ್ನು ಗುರುತಿಸುವ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಅದಕ್ಕೇ ಅನೇಕ ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಈ ಏರ್ಪಾಟಿನ ಹೆಸರು ಸಿಜಿನ್ಯಾಟ್. ಹೊರಗಿನಿಂದ ಬಂದ ಲಾಗಿನ್ ಕೋರಿಕೆ ಯಾವ ಮನೆಗೆ ಹೋಗಬೇಕೆಂದು ತಿಳಿಯದೆ ಕಂಪನಿಯ ಯಂತ್ರದಲ್ಲೇ ನಿಂತುಬಿಡುತ್ತದೆ. ಮನೆಯ ರೌಟರಿನಲ್ಲಿ ಎಷ್ಟೇ ಪೋರ್ಟ್ ತೆರೆದರೂ ಫಲವಿಲ್ಲ.

ಪತ್ತೆ ಮಾಡುವುದು ಸುಲಭ. ರೌಟರಿನ ಪುಟದಲ್ಲಿ ಕಾಣುವ ವ್ಯಾನ್ ಐಪಿಯನ್ನೂ (ರೌಟರಿನ ಹೊರಬದಿಯ ವಿಳಾಸ) ನಿಮ್ಮ ಐಪಿ ತೋರಿಸುವ ಜಾಲತಾಣ ಹೇಳುವ ಸಂಖ್ಯೆಯನ್ನೂ ಹೋಲಿಸಿ ನೋಡಿ. ಎರಡೂ ಬೇರೆಯಾಗಿದ್ದು, ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾಗಿದ್ದರೆ ಅದು ಸಿಜಿನ್ಯಾಟ್. 192.168 ಎಂದಿದ್ದರೆ, ಫೈಬರ್ ಪೆಟ್ಟಿಗೆಯೇ ಇನ್ನೊಂದು ರೌಟರಾಗಿ ನಡುವೆ ಕುಳಿತಿರುವ ಸಂಭವ ಹೆಚ್ಚು. ಅದನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿ. ಸಿಜಿನ್ಯಾಟ್ ಆದರೆ ಕಂಪನಿಯಿಂದ ಸ್ಟ್ಯಾಟಿಕ್ ಐಪಿ ಕೇಳಿ, ಇಲ್ಲವೇ ಟೈಲ್‌ಸ್ಕೇಲ್‌ನಂಥ ವಿಪಿಎನ್ ಬಳಸಿ.

"ಮನೆಯ ವೈಫೈನಿಂದಲೇ ಪರೀಕ್ಷಿಸಿದೆ, ಆಗಲಿಲ್ಲ" ಎನ್ನುವವರೂ ಇದ್ದಾರೆ. ಒಳಗಿನಿಂದ ಹೊರಟು ತನ್ನದೇ ಹೊರ ವಿಳಾಸಕ್ಕೆ ಮರಳುವ ಸಂಪರ್ಕವನ್ನು ಎಷ್ಟೋ ರೌಟರುಗಳು ಬಿಡುವುದಿಲ್ಲ. ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ಪರೀಕ್ಷಿಸಿ.

ನಿನ್ನೆ ಆಗುತ್ತಿದ್ದದ್ದು ಇಂದು ಆಗದಿದ್ದರೆ ಕರೆಂಟ್ ಹೋಗಿ ಬಂದಿತ್ತೇ ಎಂದು ಮೊದಲು ಕೇಳಿ. ರೌಟರ್ ಮತ್ತೆ ಚಾಲೂ ಆದಾಗ ಕಂಪ್ಯೂಟರಿಗೆ ಬೇರೆ ಒಳವಿಳಾಸ ಕೊಟ್ಟಿರಬಹುದು. ಹೊರಗಿನ ಕೋರಿಕೆಯನ್ನು ಒಳಗಿನ ಯಂತ್ರಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಮಾತ್ರ ಹಳೆಯ ವಿಳಾಸಕ್ಕೇ ಕಳಿಸುತ್ತಿರುತ್ತದೆ. ಹಿರಿಯೂರಿನ ಹಳ್ಳಿಯ ಮನೆಯಾಗಲಿ, ದುರ್ಗದ ಪೇಟೆಯ ಮನೆಯಾಗಲಿ, ಕಂಪ್ಯೂಟರಿನ ಒಳವಿಳಾಸವನ್ನು ರೌಟರಿನಲ್ಲಿ ಕಾಯ್ದಿರಿಸಿಬಿಡಿ.

ಪರದೆಯ ಮೇಲಿನ ಸಂದೇಶವನ್ನು ಓದದೆ ಮುಚ್ಚಬೇಡಿ. 'ಟೈಮ್ಡ್ ಔಟ್' ಎಂದರೆ ಕೋರಿಕೆ ದಾರಿಯಲ್ಲೆಲ್ಲೋ ಕಳೆದುಹೋಗಿದೆ. 'ರೆಫ್ಯೂಸ್ಡ್' ಎಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆ ಪೋರ್ಟಿನಲ್ಲಿ ಓಗೊಡುವ ಸೇವೆ ಇಲ್ಲ. 'ಪರ್ಮಿಷನ್ ಡಿನೈಡ್' ಬಂದರೆ ದಾರಿ ಸರಿಯಿದೆ, ಪಾಸ್‌ವರ್ಡ್ ಅಥವಾ ಕೀ ನೋಡಿ. ವಿಂಡೋಸ್ ಹೋಮ್ ಆವೃತ್ತಿಯಂತೂ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕವನ್ನು ಸ್ವೀಕರಿಸುವುದೇ ಇಲ್ಲ.

ಎಲ್ಲಕ್ಕಿಂತ ಅಪಾಯದ್ದು, ಫೈರ್‌ವಾಲ್ ಆರಿಸಿದರೆ ಸರಿಹೋಗುತ್ತದೆ ಎಂಬ ಮಾತು. ತೆರೆದ 22 (ಎಸ್‌ಎಸ್‌ಎಚ್) ಮತ್ತು 3389ನೇ (ರಿಮೋಟ್ ಡೆಸ್ಕ್‌ಟಾಪ್) ಪೋರ್ಟುಗಳನ್ನು ಹುಡುಕುವ ಸ್ವಯಂಚಾಲಿತ ಪ್ರೋಗ್ರಾಮ್‌ಗಳು ಹಗಲಿರುಳು ಓಡುತ್ತಿರುತ್ತವೆ. ಪೋರ್ಟ್ ಸಂಖ್ಯೆ ಬದಲಿಸಿದರೆ ಗಲಾಟೆ ಕಡಿಮೆಯಾದೀತು, ರಕ್ಷಣೆ ಸಿಗದು. ದಯವಿಟ್ಟು ಫೈರ್‌ವಾಲ್ ಇರಲಿ. ಬೇಕಾದ ಒಂದು ಪೋರ್ಟಿಗಷ್ಟೇ ಅನುಮತಿ ಕೊಡಿ, ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬಿಟ್ಟು ಕೀ ಬಳಸಿ, ಕೆಲಸ ಮುಗಿದ ಮೇಲೆ ಪೋರ್ಟ್ ಮುಚ್ಚಿ.