ಸಂತಾನ ನಿಯಂತ್ರಣ ವಿಧಾನ ಬದಲಿಸಿದ ಮೇಲೆ ಮುಟ್ಟು ಬಾರದಿದ್ದರೆ

ಹಾಸನ: ಮೂರು ತಿಂಗಳಿಗೊಮ್ಮೆ ಪಡೆಯುತ್ತಿದ್ದ ‘ಅಂತರ’ ಚುಚ್ಚುಮದ್ದನ್ನು ಬಿಟ್ಟು ಮಾತ್ರೆಗೆ ಬದಲಾದ ಮಹಿಳೆಗೆ ಎರಡು ತಿಂಗಳಾದರೂ ಮುಟ್ಟು ಕಾಣಿಸದಿದ್ದರೆ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ಬಸಿರೇ ಇರಬೇಕು ಎಂಬುದು ಒಂದು; ಔಷಧದ ಉಷ್ಣಕ್ಕೆ ಹೀಗಾಗಿದೆ, ತಾನಾಗಿ ಸರಿಹೋಗುತ್ತದೆ ಎಂಬುದು ಇನ್ನೊಂದು. ಪರೀಕ್ಷೆಯಿಲ್ಲದೆ ಈ ಎರಡರಲ್ಲಿ ಯಾವುದನ್ನು ನಂಬಿದರೂ ಅಪಾಯವಿದೆ.

ಬಿಟ್ಟ ವಿಧಾನ ಯಾವುದು, ಹಿಡಿದ ವಿಧಾನ ಯಾವುದು ಎಂಬುದನ್ನು ಅವಲಂಬಿಸಿ ಮುಟ್ಟು ತಪ್ಪಿದ್ದರ ಅರ್ಥವೇ ಬದಲಾಗುತ್ತದೆ. ಅಂತರ ಚುಚ್ಚುಮದ್ದಿನ ಹಾರ್ಮೋನು ಅಂಡಾಣು ಬಿಡುಗಡೆಯನ್ನು ತಡೆಯುವುದರ ಜೊತೆಗೆ ಗರ್ಭಕೋಶದ ಒಳಪದರವನ್ನೂ ತೆಳುವಾಗಿಸುತ್ತದೆ. ಹೀಗಾಗಿ ವರ್ಷ ತುಂಬುವಷ್ಟರಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ಮುಟ್ಟು ನಿಲ್ಲುತ್ತದೆ. ಕೆಟ್ಟ ರಕ್ತ ಒಳಗೇ ಉಳಿಯುತ್ತದೆಂಬ ಭಯಕ್ಕೆ ಆಧಾರವಿಲ್ಲ. ಅಲ್ಲಿ ಹೊರಬೀಳಬೇಕಾದ ಪದರವೇ ಬೆಳೆದಿರುವುದಿಲ್ಲ. ಚುಚ್ಚುಮದ್ದು ಬಿಟ್ಟ ಬಳಿಕವೂ ಇದರ ಪ್ರಭಾವ ತಕ್ಷಣ ಅಳಿಯದು. ಮತ್ತೆ ಗರ್ಭ ಧರಿಸುವ ಶಕ್ತಿ ಮರಳಲು ಕೊನೆಯ ಚುಚ್ಚುಮದ್ದಿನಿಂದ ಸರಾಸರಿ 7ರಿಂದ 10 ತಿಂಗಳು ಹಿಡಿಯುತ್ತದೆ. ಕೆಲವರಿಗೆ ಬೇಗ, ಕೆಲವರಿಗೆ ಇನ್ನೂ ತಡ.

ಎಡವುವುದು ಇಲ್ಲೇ

ಮುಟ್ಟು ಮರಳಿಲ್ಲ, ಆದ್ದರಿಂದ ಬಸಿರಾಗುವ ಪ್ರಶ್ನೆಯೇ ಇಲ್ಲ ಎಂದು ಭಾವಿಸುವವರು ಬಹಳ. ಆದರೆ ಅಂಡಾಣು ಬಿಡುಗಡೆಯಾಗುವುದು ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಅಂದರೆ ಚುಚ್ಚುಮದ್ದಿನ ರಕ್ಷಣೆ ಮುಗಿದ ಮೇಲೆ, ಒಂದು ಮುಟ್ಟನ್ನೂ ಕಾಣದೆ ಗರ್ಭ ನಿಲ್ಲುವುದು ಸಾಧ್ಯ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ನಾಟಿಯ ಭರದಲ್ಲೋ, ತವರಿಗೆ ಹೋದ ಕಾರಣಕ್ಕೋ ಮುಂದಿನ ಚುಚ್ಚುಮದ್ದಿನ ದಿನ ತಪ್ಪಿತೆನ್ನಿ. ನಾಲ್ಕು ವಾರಗಳವರೆಗಿನ ವಿಳಂಬಕ್ಕೆ ಅವಕಾಶವಿದೆ. ಅದು ಮೀರಿದರೆ ಬಸಿರಿಲ್ಲವೆಂದು ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ಬೇರೆ ವಿಧಾನಕ್ಕೆ ಬದಲಾಗುವವರು ಮುಟ್ಟಿಗಾಗಿ ಕಾಯದೆ, ಮುಂದಿನ ಚುಚ್ಚುಮದ್ದಿನ ದಿನಕ್ಕೆ ಸರಿಯಾಗಿ ಹೊಸದನ್ನು ಆರಂಭಿಸುವುದು ಕ್ಷೇಮ. ತಡವಾಗಿ ನುಂಗುವ ಮಾತ್ರೆ ಶುರುಮಾಡಿದರೆ ಮೊದಲ ಏಳು ದಿನ ನಿರೋಧ್ ಬಳಕೆ ಅಗತ್ಯ.

ಅಂತರದ ಜೊತೆಯಲ್ಲೇ 2017ರಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿದ ‘ಛಾಯಾ’ ಮಾತ್ರೆಯದು ಬೇರೆಯೇ ಸ್ವಭಾವ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಈ ಮಾತ್ರೆಯಲ್ಲಿ ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಅನಂತರ ವಾರಕ್ಕೆ ಒಂದು. ಆರಂಭದ ತಿಂಗಳುಗಳಲ್ಲಿ ಮುಟ್ಟು ಮುಂದೆ ಹೋಗುವುದುಂಟು. 15 ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ ಪರೀಕ್ಷೆ ಬೇಕು. ಮಾಲಾ-ಎನ್ ನುಂಗುವವರಿಗೆ ಕಬ್ಬಿಣದ ಮಾತ್ರೆಗಳ ವಾರದಲ್ಲಿ ಸ್ರಾವವಾಗಬೇಕು. ಒಂದೂ ಮಾತ್ರೆ ತಪ್ಪದಿದ್ದು ಒಮ್ಮೆ ಸ್ರಾವವಾಗದಿದ್ದರೆ ಗಾಬರಿ ಬೇಡ. ಮಾತ್ರೆ ಮರೆತಿದ್ದರೆ ಅಥವಾ ಸತತ ಎರಡು ತಿಂಗಳು ಹೀಗಾದರೆ ಪರೀಕ್ಷಿಸಬೇಕು.

ವಂಕಿಯ ವಿಷಯದಲ್ಲಿ ಮಾತ್ರ ಸಡಿಲಿಕೆ ಸಲ್ಲದು. ತಾಮ್ರದ ವಂಕಿ ಮುಟ್ಟನ್ನು ನಿಲ್ಲಿಸುವುದಿಲ್ಲ, ಬದಲಿಗೆ ಸ್ರಾವವನ್ನು ಹೆಚ್ಚಿಸಬಹುದು. ಅಂತರ ಬಿಟ್ಟು ವಂಕಿ ಹಾಕಿಸಿಕೊಂಡವರಲ್ಲಿ ಹಳೆಯ ಔಷಧದ ಪ್ರಭಾವ ಕೆಲಕಾಲ ಉಳಿದಿರಬಹುದು, ನಿಜ. ಆದರೆ ತಿಂಗಳು ತಿಂಗಳು ಸರಿಯಾಗಿ ಬರುತ್ತಿದ್ದ ಮುಟ್ಟು ತಪ್ಪಿದರೆ ಅಂದೇ ಪರೀಕ್ಷೆಯಾಗಬೇಕು. ವಂಕಿಯಿದ್ದೂ ಗರ್ಭ ನಿಂತರೆ ಅದು ಗರ್ಭಕೋಶದ ಹೊರಗೆ, ನಾಳದಲ್ಲಿ ಬೆಳೆಯುತ್ತಿರುವ ಸಂಭವ ಹೆಚ್ಚು. ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆಸುತ್ತು, ಚುಕ್ಕೆಚುಕ್ಕೆಯಾಗಿ ರಕ್ತ ಕಂಡರೆ ಬೆಳಗಾಗುವವರೆಗೆ ಕಾಯದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆ ಸೇರಬೇಕು.

ಪರೀಕ್ಷೆ ದುಬಾರಿಯಲ್ಲ. ಆಶಾ ಕಾರ್ಯಕರ್ತೆಯರ ಮೂಲಕ ‘ನಿಶ್ಚಯ್’ ಕಿಟ್ ಒದಗಿಸುವ ವ್ಯವಸ್ಥೆಯಿದೆ. ಬೆಳಗಿನ ಮೊದಲ ಮೂತ್ರ ಉತ್ತಮ. ಮುಟ್ಟಿನ ದಿನವೇ ಗೊತ್ತಿಲ್ಲದವರು ಕೊನೆಯ ಬಾರಿ ರಕ್ಷಣೆಯಿಲ್ಲದೆ ಕೂಡಿದ ದಿನದಿಂದ ಮೂರು ವಾರ ಎಣಿಸಿ ಪರೀಕ್ಷಿಸಿದರೆ ಫಲಿತಾಂಶವನ್ನು ನಂಬಬಹುದು. ಬಸಿರಿಲ್ಲವೆಂದು ತಿಳಿದೂ ಮುಟ್ಟು ಬಾರದಿದ್ದರೆ ಥೈರಾಯ್ಡ್, ಅಂಡಾಶಯದ ತೊಂದರೆ ಇತ್ಯಾದಿಗಳ ಕಡೆ ವೈದ್ಯರು ಗಮನ ಹರಿಸುತ್ತಾರೆ.

ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿತ್ತು. ಹಾಸನ ಅಂದು ಆ ಸಂಸ್ಥಾನದ ಜಿಲ್ಲೆ. ಇಷ್ಟು ಹಳೆಯ ಸೇವೆಯನ್ನು ಕೇಳಲು ಇಂದಿಗೂ ಸಂಕೋಚಪಟ್ಟು, ಮುಟ್ಟು ತಪ್ಪಿದೊಡನೆ ಔಷಧ ಅಂಗಡಿಯಿಂದ ಗರ್ಭಪಾತದ ಮಾತ್ರೆ ತರಿಸಿ ನುಂಗುವುದು ವಿಪರ್ಯಾಸ. ಬಸಿರೇ ಇಲ್ಲದಿದ್ದರೆ ಅದು ವ್ಯರ್ಥ. ನಾಳದಲ್ಲಿ ಬೆಳೆದ ಗರ್ಭವನ್ನು ಆ ಮಾತ್ರೆ ತೆಗೆಯದು. ತಿಂಗಳು ಬಲಿತಿದ್ದರೆ ರಕ್ತಸ್ರಾವ ಜೀವಕ್ಕೇ ಎರವಾದೀತು. 2021ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ, ಗರ್ಭನಿರೋಧಕ ವಿಫಲವಾಗಿ ಬಸಿರಾದ ಮಹಿಳೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಿಸಿಕೊಳ್ಳಬಹುದು. ವಯಸ್ಕ ಮಹಿಳೆಗೆ ಗಂಡನ ಸಹಿ ಬೇಕಿಲ್ಲ, ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ. ಹಾಸನದ ಜಿಲ್ಲಾಸ್ಪತ್ರೆಗಾಗಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆಗಳಿಗಾಗಲಿ ಹೋಗುವಾಗ ಚುಚ್ಚುಮದ್ದಿನ ಕಾರ್ಡನ್ನು ಜೊತೆಗೊಯ್ದರೆ, ಕೊನೆಯ ದಿನಾಂಕ ನೋಡಿ ವೈದ್ಯರಿಗೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ.