ವಿಕಿಪೀಡಿಯದ ಪುಟ ಸಿದ್ಧವಾಗುವ ಬಗೆ

ಚೆನ್ನೈಯಲ್ಲಿರುವ ನಮಗೆ ದುಭಾಷಿಯ ಕೆಲಸ ಹೊಸದಲ್ಲ; ಮಿಲ್ಲಿಗೆ ಹೊಸದಾಗಿ ಬಂದ ಕನ್ನಡಿಗನಿಗೂ ತಮಿಳು ಮೇಸ್ತ್ರಿಗೂ ನಡುವೆ ಯಾರಾದರೊಬ್ಬರು ನಿಲ್ಲಬೇಕಾಗುತ್ತದೆ. ಕನ್ನಡ ವಿಕಿಪೀಡಿಯ ನಡೆಯುವ ಲಿನಕ್ಸ್ ಸರ್ವರುಗಳಲ್ಲಿಯೂ ಇದೇ ಏರ್ಪಾಡು.

ಪುಟವನ್ನು ಸಿದ್ಧಪಡಿಸುವ ಮೀಡಿಯಾವಿಕಿಯನ್ನು ಬರೆದಿರುವುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಲೇಖನದ ಮಾಹಿತಿಚೌಕಗಳಂಥವನ್ನು ಕಟ್ಟಲು ಬಳಸುವುದು 1993ರಲ್ಲಿ ಬ್ರೆಜಿಲಿನಲ್ಲಿ ಹುಟ್ಟಿದ ಲುವಾ. 2013ರಿಂದ ವಿಕಿಪೀಡಿಯಗಳಲ್ಲಿ ಸ್ಕ್ರಿಬಂಟೊ ಎಂಬುದು ಇವೆರಡರ ದುಭಾಷಿ. ಊರು, ಜಿಲ್ಲೆ, ವರ್ಷ ಎಂದು ಪಿಎಚ್‌ಪಿ ಚೀಟಿ ಕೊಟ್ಟರೆ ಲುವಾ ಬರಹ ಕಟ್ಟಿ ಹಿಂದಿರುಗಿಸುತ್ತದೆ. ಲುವಾ ಸಾಲುಗಳನ್ನು ಬರೆಯುವವರು ಬಹುಮಟ್ಟಿಗೆ ಸ್ವಯಂಸೇವಕರು. ಯಾರದೋ ಲೆಕ್ಕ ಮುಗಿಯದೆ ಸುತ್ತುತ್ತಿದ್ದರೆ ಉಳಿದ ಓದುಗರೂ ಕಾಯಬೇಕಾದೀತು. ಅದಕ್ಕಾಗಿ ಪುಟವೊಂದಕ್ಕೆ 10 ಸೆಕೆಂಡಿನ ಗಡುವು.

ನಮಗೆ ಮುಖ್ಯವಾದುದು ಅಕ್ಷರದ ಸಂಗತಿ. ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟು, ಅಂದರೆ ಯಂತ್ರದ ಒಂದು ಗೂಡು, ಸಾಕು. ನಮ್ಮ ‘ಕ’ಕಾರಕ್ಕೆ 3 ಬೇಕು. ಲುವಾ ಎಣಿಸುವುದು ಗೂಡುಗಳನ್ನು. ಹೀಗಾಗಿ ‘ಕಡೂರು’ ಹೆಸರಿನ ಮೊದಲ ಅಕ್ಷರ ಕೇಳಿದರೆ ‘ಕ’ವನ್ನೇ ಸೀಳಿ ಕೊಡುತ್ತದೆ, ಓದುಗನಿಗೆ ಕಾಣುವುದು ಪ್ರಶ್ನೆಚಿಹ್ನೆ! ಇದಕ್ಕೆಂದೇ ಸ್ಕ್ರಿಬಂಟೊ ‘ಯುಸ್ಟ್ರಿಂಗ್’ ಎಂಬ ಬೇರೆ ಸಲಕರಣೆ ಒದಗಿಸಿದೆ. ಅದರ ಮೂಲಕ ಲುವಾ ಆ ಎಣಿಕೆಯನ್ನು ಪಿಎಚ್‌ಪಿಯಿಂದಲೇ ಮಾಡಿಸಿಕೊಳ್ಳುತ್ತದೆ. ಇಂಗ್ಲಿಷ್ ವಿಕಿಪೀಡಿಯದಿಂದ ಸಾಲುಗಳನ್ನು ನಕಲು ಮಾಡಿ ತರುವ ಸದಸ್ಯರು ಮೊದಲು ಇದನ್ನು ನೋಡಿಕೊಳ್ಳಬೇಕು.